ನೂರರ ಬಲ್ಬಿನ ಕೆಳಗೆ ಸೇವಂತಿಗೆ

ಮನುಷ್ಯ ಮೊದಲ ಗಿಡವನ್ನು ತನ್ನ ಕೈಯಾರೆ ನೆಟ್ಟು, ನೀರೆರೆದು, ಅದರ ಫಲಕ್ಕಾಗಿ ಕಾದು ಕೂತ ದಿನವೇ ನಾಗರಿಕತೆ ಹುಟ್ಟಿತು ಎಂದು ಬಲ್ಲವರು ಬರೆದಿದ್ದಾರೆ. ಇರಬಹುದು. ನಾನು ಹಾಗೆ ನೆಟ್ಟು, ನೀರೆರೆದು, ಕಾದು ಕೂತ ವರ್ಷ ನನ್ನ ಹೆಂಡತಿ ಒಂಬತ್ತು ದಿನ ನನ್ನೊಡನೆ ಮಾತು ಬಿಟ್ಟಿದ್ದಳು, ಮನೆ ಮಾಲೀಕರು ನಮ್ಮಲ್ಲಿ ಯಾರೋ ಸತ್ತರೆಂದು ಊಟ ಅರ್ಧಕ್ಕೆ ಬಿಟ್ಟು ಓಡಿಬಂದಿದ್ದರು. ನಾಗರಿಕತೆಗೆ ಇದರಿಂದ ಏನು ಲಾಭವಾಯಿತೋ ನನಗೆ ತಿಳಿಯದು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ದೇವದುರ್ಗದ ಒಂದು ಸರಕಾರಿ ಕಚೇರಿಯಲ್ಲಿ ಐದು ವರ್ಷ ಗುಮಾಸ್ತಿಕೆ ಮಾಡಿ ನಾನು ಮಾನ್ವಿಗೆ ವರ್ಗವಾಗಿ ಬಂದಿದ್ದೆ. ದೇವದುರ್ಗ ಬಿಡುವಾಗ ಅಲ್ಲಿಯ ಮನೆಯೊಡತಿ ತನ್ನ ಹಿತ್ತಲಿನ ಸೇವಂತಿಗೆಯ ಬುಡದಲ್ಲಿ ಎದ್ದಿದ್ದ ಏಳು ಮರಿಗಳನ್ನು ಬೇರು ಸಮೇತ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಳು. ಆ ಸೇವಂತಿಗೆಗೆ ಒಂದು ಗುರುತು ಇತ್ತು. ಎಸಳು ಮೇಲಿನಿಂದ ಅರಿಸಿನ ಬಣ್ಣ. ಹೂವನ್ನು ಮಗುಚಿ ನೋಡಿದರೆ ಹಿಂಬದಿ ಕಾವಿ ಬಳಿದಂತೆ ಕೆಂಪು. ಅಂಥ ಹೂವು ಮಾನ್ವಿಯ ಪೇಟೆಯಲ್ಲಿ ನಾನು ಕಂಡದ್ದಿಲ್ಲ.

"ಹೂವ ಬಿಟ್ರ ದೇವ್ರಿಗೆ ಏರ್ಸ್ರಿ. ಬಿಡಲಿಲ್ಲಂದ್ರ ನನ್ನ ಬೈಬ್ಯಾಡ್ರಿ," ಎಂದು ಆಕೆ ಮೊದಲೇ ಜಾಮೀನು ಪಡೆದುಕೊಂಡಿದ್ದಳು.

ಮಾನ್ವಿಯಲ್ಲಿ ನಮಗೆ ಸಿಕ್ಕದ್ದು ಒಬ್ಬ ಅಕ್ಕಿ ಗಿರಣಿ ಸಾಹುಕಾರರ ದೊಡ್ಡ ಮನೆಗೆ ಅಂಟಿಕೊಂಡಿದ್ದ ಎರಡು ಕೋಣೆಯ ಮನೆ. ಮುಂದೆ ಒಳ್ಳೆಯ ಅಂಗಳ. ಹಿಂದೆ ಬಚ್ಚಲು, ಬಚ್ಚಲ ನೀರು ಹರಿದು ಹೋಗುವ ಮೋರಿ, ಅದರಾಚೆ ಸಾಹುಕಾರರ ಹಿತ್ತಲಿಗೆ ತೆರೆಯುವ ಒಂದು ಗಿಡ್ಡ ಬಾಗಿಲು. ನಾನು ಏಳು ಮರಿಗಳಲ್ಲಿ ಆರನ್ನು ಅಂಗಳದಲ್ಲಿ ನೆಟ್ಟೆ. ಏಳನೆಯದು ಪ್ರಯಾಣದಲ್ಲಿ ಕತ್ತು ಮುರಿದುಕೊಂಡಿತ್ತು. ಅದನ್ನು ಬಚ್ಚಲ ಹಿಂದೆ ಎಸೆದು ಕೈ ತೊಳೆದುಕೊಂಡೆ. ಈ ವಿಷಯವನ್ನು ಓದುಗರು ನೆನಪಿಟ್ಟುಕೊಳ್ಳುವುದು ಒಳ್ಳೆಯದು, ನಾನು ಇಟ್ಟುಕೊಳ್ಳಲಿಲ್ಲ.

ಮೊದಲ ವರ್ಷ ದೀಪಾವಳಿಗೆ ಆರೂ ಗಿಡ ಹೂಬಿಟ್ಟವು. ಆದರೆ ನಾನು ಆ ಹೂಗಳನ್ನು ನೋಡಿದ್ದು ಸಂಜೆ ಹೊತ್ತು ಮೊಗ್ಗಿನ ರೂಪದಲ್ಲಿ ಮಾತ್ರ. ಬೆಳಿಗ್ಗೆ ನಾನು ಏಳುವುದರೊಳಗೆ ಅವು ಯಾವುದೋ ದೇವರ ತಲೆಯ ಮೇಲಿರುತ್ತಿದ್ದವು. ನಮ್ಮ ಸೀಮೆಯಲ್ಲಿ ಪೂಜೆಗೆಂದು ಪರರ ಗಿಡದ ಹೂ ಕಿತ್ತರೆ ಅದಕ್ಕೆ ಕಳವು ಎಂಬ ಹೆಸರಿಲ್ಲ. ಕೀಳುವವರು ನಸುಕಿನಲ್ಲಿ ಮಡಿಯುಟ್ಟು, ಬಾಯಲ್ಲಿ ಶಿವನಾಮ ಹೇಳುತ್ತ ಬರುತ್ತಾರೆ. ಅಂಥವರನ್ನು ಹಿಡಿಯುವುದು ಪೊಲೀಸರಿಗೂ ಕಷ್ಟ.

ಎರಡನೆಯ ವರ್ಷದ ಹೊತ್ತಿಗೆ ಆರು ಗಿಡ ಮರಿಹಾಕಿ ಇಪ್ಪತ್ತೆರಡಾಗಿದ್ದವು. ಒಂದಿಷ್ಟು ನೆಲದಲ್ಲಿ, ಉಳಿದವು ತಳಕ್ಕೆ ತೂತು ಹೊಡೆದ ಎಣ್ಣೆ ಡಬ್ಬಿಗಳಲ್ಲಿ. ಗಣೇಶ ಹಬ್ಬ ಮುಗಿದ ಮರುದಿನ ಸಾಹುಕಾರರು ಬಂದು ಅಂಗಳದ ನಡುವೆ ನಿಂತು, ಕಣ್ಣಿನಲ್ಲೇ ಅದನ್ನು ಉದ್ದ ಅಡ್ಡ ಅಳೆದರು.

"ಸಾಹೇಬ್ರ, ಈ ಸಲ ಕಾಲುವಿ ನೀರು ಚಲೋ ಬಂದದ. ಭತ್ತ ಇಡಾಕ ಜಾಗಾನ ಸಾಲಂಗಿಲ್ಲ. ದೀಪಾವಳಿ ಮುಗೀತಿದ್ದಂಗ ಇಲ್ಲಿ ಚೀಲ ಹಾಕಿಸ್ತೀನಿ. ನಿಮಗೇನ ತ್ರಾಸಿಲ್ಲ. ಒಬ್ಬ ಆಳು ಅಡ್ಡ ಹೋಗೂವಷ್ಟು ಹಾದಿ ಬಿಡಿಸ್ತೀನಿ."

"ಮತ್ತ ಗಿಡ?"

"ಯಾವ ಗಿಡರೀ?" ಸಾಹುಕಾರರು ಸುತ್ತ ನೋಡಿದರು. "ಇವೇನು? ಇವು ತಾವ ಎದ್ದಿದ್ದು ಅಂತ ತಿಳ್ಕೊಂಡಿದ್ದೆ."

ಆ ಹೊತ್ತಿಗೆ ಅವರ ತಾಯಿ ಅಲ್ಲಿಗೆ ಬಂದದ್ದು ನನ್ನ ಪುಣ್ಯ. ಎಪ್ಪತ್ತು ದಾಟಿದ ಹಿರಿಯಳು. ಹಣೆ ತುಂಬ ವಿಭೂತಿ. ದಿನಾ ಬೆಳಿಗ್ಗೆ ಒಂದೂವರೆ ತಾಸು ಲಿಂಗಪೂಜೆ ಮಾಡುತ್ತಿದ್ದಳು. ಆಕೆಯ ಪೂಜೆ ಮುಗಿಯದೆ ಗಿರಣಿಯ ಯಂತ್ರ ಹೊರಳುತ್ತಿರಲಿಲ್ಲ. ಊರೆಲ್ಲ ಆಕೆಗೆ ಯವ್ವಾ ಎನ್ನುತ್ತಿತ್ತು. ನಾವೂ ಹಾಗೇ ಎನ್ನುತ್ತಿದ್ದೆವು.

"ಹೂವಿನ ಗಿಡಾ ಕಿತ್ತೀ ಅಂದ್ರ ಪಾಪ ಬರ್ತದ ಲೇ," ಎಂದಳು ಮಗನಿಗೆ.

"ಹೂವ ಎಲ್ಲದ ಬೇ? ಬರೇ ತೊಪ್ಪಲ."

"ಬಿಡ್ತಾವ. ಕಾಲ ಬರ್ಲಿ." ಯವ್ವ ತೀರ್ಪು ಕೊಟ್ಟಳು. "ದೀಪಾವಳಿ ಅಮಾಸಿಗೆ ಗಿರಣ್ಯಾಗ ಲಕ್ಷ್ಮೀ ಪೂಜಿ ಅದ. ಆವತ್ತು ಲಕ್ಷ್ಮಿ ಕೊಳ್ಳಾಗ ಹಾಕಾಕ ಈ ತಮ್ಮನ ಗಿಡದ ಹೂವಿನ್ದು ಒಂದು ಹಾರ ಆತಂದ್ರ ಅಂಗಳ ಅವನ್ದು. ಆಗಲಿಲ್ಲಂದ್ರ ನಿನ್ನ ಚೀಲಾ ಹಾಕಸು. ನಾ ನಡುವ ಬರಂಗಿಲ್ಲ."

ಸಾಹುಕಾರರು ಒಪ್ಪಿ ಹೋದರು. ಹೋಗುವಾಗ ಮೂಲೆಯಿಂದ ಮೂಲೆಗೆ ಹೆಜ್ಜೆ ಹಾಕಿ, ಎಷ್ಟು ಚೀಲ ಹಿಡಿಯುತ್ತವೆಂದು ಬೆರಳ ಮೇಲೆ ಎಣಿಸಿಕೊಂಡರು.

ಅಂಗಳ ಹೋದರೆ ಏನಾಗುತ್ತದೆ ಎಂಬುದನ್ನು ನನ್ನ ಹೆಂಡತಿ ಅಂದೇ ರಾತ್ರಿ ಊಟದ ಹೊತ್ತಿಗೆ ಬಿಡಿಸಿ ಹೇಳಿದಳು. ಇದ್ದೊಂದು ಕಿಟಕಿ ಚೀಲಗಳಿಗೆ ಮುಚ್ಚುತ್ತದೆ. ಭತ್ತಕ್ಕೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ವರ್ಷದಲ್ಲಿ ಎಂಟು ತಿಂಗಳು ನಾವು ಹೊರಸು ಹಾಕಿಕೊಂಡು ಮಲಗುವುದು ಅಂಗಳದಲ್ಲೇ. ಇನ್ನು ಮೇಲೆ ಒಳಗೆ ಬೇಯಬೇಕು. "ಚೀಲಾ ಬಂದ ದಿನ ನಾ ನನ್ನ ತೌರಮನಿಗೆ ಹೋಗ್ತೀನಿ. ನೀವು ಇಲಿ ಕೂಡ ಸಂಸಾರ ಮಾಡ್ರಿ," ಎಂದಳು. ಹೀಗೆ ಒಂದು ಹೂಮಾಲೆಯ ಮೇಲೆ ನನ್ನ ಗೃಹಸ್ಥಾಶ್ರಮ ನಿಂತಿತು.

ನಾನು ಕಚೇರಿಯ ಪದ್ಧತಿಯಂತೆ ಸಮಸ್ಯೆಯನ್ನು ಪರಿಶೀಲಿಸಿದೆ. ಗಿಡಗಳು ಇವೆ. ನೀರು ಇದೆ. ಗೊಬ್ಬರಕ್ಕೆ ಕುರಿ ಹಿಕ್ಕೆ ಇದೆ. ಇರುವ ಅಪಾಯ ಒಂದೇ, ನಸುಕಿನ ಭಕ್ತರು. ಆದ್ದರಿಂದ ಅಂಗಳದ ನಡುವೆ ಒಂದು ಗಳ ನೆಟ್ಟು, ಮನೆಯಿಂದ ವೈರು ಎಳೆದು, ನೂರು ವ್ಯಾಟಿನ ಬಲ್ಬು ತೂಗುಹಾಕಿಸಿದೆ. ಸಂಜೆ ದೀಪ ಹಚ್ಚುವ ಹೊತ್ತಿನಿಂದ ಬೆಳ್ಳಂಬೆಳಗಿನವರೆಗೆ ಅದು ಉರಿಯತಕ್ಕದ್ದು ಎಂದು ಮನೆಯಲ್ಲಿ ಮೌಖಿಕ ಆದೇಶ ಹೊರಡಿಸಿದೆ.

ಗಳ ನೆಡಲು ನೆರವಾದವನು ನಮ್ಮ ಕಚೇರಿಯ ಜವಾನ. ಹತ್ತಿರದ ಹಿರೇಕೊಟ್ನೆಕಲ್ಲಿನವನು, ಕುರಿ ಕಾಯುವ ಮನೆತನ. ನಿವೃತ್ತಿಗೆ ನಾಲ್ಕೈದು ವರ್ಷ ಉಳಿದಿತ್ತು. ಕುರಿ ಹಿಕ್ಕೆ ತಂದುಕೊಡುತ್ತಿದ್ದವನೂ ಅವನೇ. ಬಲ್ಬು ಹತ್ತಿದ್ದನ್ನು ನೋಡಿ ಅವನು ತಲೆ ಕೆರೆದುಕೊಂಡ.

"ಸಾಹೇಬ್ರ, ರಾತ್ರಿ ಪೂರಾ ದೀಪಾ ಹಚ್ಚಿದ್ರ ಇವು ಮಲಗೂದು ಯಾವಾಗ್ರಿ?"

"ಗಿಡ ಮಲಗ್ತಾವೇನೋ?"

"ಕುರಿ ಹಟ್ಟ್ಯಾಗ ದೀಪಾ ಇಟ್ರ ಕುರಿ ಮಲಗಂಗಿಲ್ರಿ. ಎದ್ದು ಮೇಯ್ತಾವ."

"ಇವು ಕುರಿ ಅಲ್ಲ," ಎಂದೆ ನಾನು. ಅದು ನಿಜವೂ ಆಗಿತ್ತು. ಅವನು ಗಳದ ಬುಡಕ್ಕೆ ಮಣ್ಣು ತುಳಿಯತೊಡಗಿದ. ಮೇಲಿನವರ ಟಿಪ್ಪಣಿಯ ಮೇಲೆ ತನ್ನ ಟಿಪ್ಪಣಿ ಬರೆಯಬಾರದೆಂದು ಮೂವತ್ತು ವರ್ಷದ ನೌಕರಿ ಅವನಿಗೆ ಕಲಿಸಿತ್ತು.

ಬಲ್ಬನ್ನು ಬಾಯ್ತುಂಬ ಹೊಗಳಿದವಳು ಯವ್ವ ಒಬ್ಬಳೇ. "ಚಲೋ ಮಾಡಿದೀಪಾ ತಮ್ಮಾ. ನಸಿಕಿನ್ಯಾಗ ನನಗ ಹಾದಿ ಕಾಣ್ತದ," ಎಂದಳು. ನಸುಕಿನಲ್ಲಿ ಆಕೆಗೆ ಯಾವ ಹಾದಿ ಕಾಣಬೇಕಾಗಿತ್ತು ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ.

ಇನ್ನು ಹವೆಯ ಮಾತು. ಪಂಚಾಂಗದಲ್ಲಿ ಶರದೃತು ಎಂದು ಒಂದಿದೆ. ಆಕಾಶ ತಿಳಿಯಾಗುತ್ತದೆ, ಗಾಳಿ ತಂಪಾಗುತ್ತದೆ ಎಂದೆಲ್ಲ ಶಾಲೆಯಲ್ಲಿ ಓದಿದ್ದೆವು. ಬೇರೆ ವರ್ಷಗಳಲ್ಲಿ ಅದು ನಮ್ಮ ರಾಯಚೂರು ಸೀಮೆಗೂ ಒಂದು ನಾಲ್ಕು ದಿನದ ಮಟ್ಟಿಗಾದರೂ ಬಂದು ಮುಖ ತೋರಿಸಿ ಹೋಗುತ್ತಿತ್ತು. ಆ ವರ್ಷ ಅದೂ ಬರಲಿಲ್ಲ. ಮಳೆ ನಿಂತ ಮರುದಿನವೇ ಬೇಸಿಗೆ ತಾನು ಮರೆತುಹೋದ ಸಾಮಾನು ಒಯ್ಯಲು ಬಂದಂತೆ ತಿರುಗಿ ಬಂತು. ಮಹಾನವಮಿಯ ಹೊತ್ತಿಗೆ ನಲ್ಲಿಯ ನೀರಿನಲ್ಲೇ ಸ್ನಾನಕ್ಕಾಗುವಷ್ಟು ಬಿಸಿ ಇತ್ತು. ದಸರೆಯ ದಿನ ಹಿರಿಯರಿಗೆ ಬನ್ನಿ ಕೊಟ್ಟು ಕಾಲಿಗೆ ಬಿದ್ದು ಏಳುವುದರೊಳಗೆ ಅವರ ಕೈಯಲ್ಲಿದ್ದ ಎಲೆ ಮುರುಟಿಕೊಂಡಿರುತ್ತಿತ್ತು.

ಇಂಥ ಸೆಖೆಯಲ್ಲಿ ಅಂಗಳದಲ್ಲೇ ಮಲಗಬೇಕು. ಅಂಗಳದಲ್ಲಿ ನೂರರ ಬಲ್ಬು. ಮಾನ್ವಿಯ ಸುತ್ತಲಿನ ಗದ್ದೆಗಳಲ್ಲಿದ್ದ ಸಮಸ್ತ ಹುಳುಗಳಿಗೂ ಆ ಬಲ್ಬಿನ ಸುದ್ದಿ ಮೂರೇ ದಿನದಲ್ಲಿ ಮುಟ್ಟಿತು. ಹಸಿರು ಹುಳು, ಕಂದು ಹುಳು, ಹಾರುವುದು ಬಾರದೆ ನೇರ ಬಾಯಿಗೇ ಬೀಳುವ ಹುಳು. ಮಳೆ ನಿಂತು ಹೊರಸು ಹೊರಗೆ ಬಂದ ಮೊದಲ ದಿನ ಹೆಂಡತಿ ತಲೆತುಂಬ ಸೆರಗು ಹೊದ್ದಳು. ಎರಡನೆಯ ದಿನ ಬಲ್ಬು ಆರಿಸಿದಳು. ನಾನು ಎದ್ದು ಹಚ್ಚಿದೆ. ಮೂರನೆಯ ದಿನ ಅವಳ ಕಿವಿಯೊಳಗೆ ಒಂದು ಹುಳು ಹೊಕ್ಕಿತು. ಅಂದಿನಿಂದ ನವರಾತ್ರಿಯ ಒಂಬತ್ತೂ ದಿನ ಅವಳು ಮೌನವ್ರತ ಹಿಡಿದಳು. ದೇವಿಗಾಗಿ ಎಂದು ನೆರೆಯವರು ತಿಳಿದು ಮೆಚ್ಚಿಕೊಂಡರು.

ಗಿಡಗಳೇನೋ ಬೆಳೆದವು. ಬೆಳೆದು ನನ್ನ ಸೊಂಟಕ್ಕೆ ಬಂದವು. ಎಲೆಗಳು ಅಂಗೈಯಗಲ. ಆದರೆ ಒಂದು ಮೊಗ್ಗಿಲ್ಲ. ಸಾಹುಕಾರರು ದಿನಾ ಗಿರಣಿಗೆ ಹೋಗುವಾಗ ನಿಂತು ನೋಡುತ್ತಿದ್ದರು.

"ತೊಪ್ಪಲ ಭಾರಿ ಬಂದದ ಸಾಹೇಬ್ರ. ಮೇವಿಗೆ ಕೊಡ್ತೀರೇನು? ನಮ್ಮ ಆಕಳ ಬಾಣಂತಿ ಅದ."

"ಕೊಡೂದಿಲ್ರಿ."

"ಸಿಟ್ಟಾಗಬ್ಯಾಡ್ರಿ. ಹೆಂಗಿದ್ರೂ ದೀಪಾವಳಿ ಮರುದಿನ ಆಕಳ ಬಾಯಿಗೇ ಹೋಗ್ತಾವ."

ಮೊಗ್ಗು ಬಾರದ್ದಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು: ಸೆಖೆ. ಸೇವಂತಿಗೆ ಥಂಡಿಯ ಹೂವು, ಥಂಡಿ ಬೀಳಲಿಲ್ಲ, ಹೂ ಬಿಡಲಿಲ್ಲ. ಪೇಟೆಯಲ್ಲೂ ಸೇವಂತಿಗೆ ಬಂದಿರಲಿಲ್ಲ. ಹೂ ಮಾರುವಾಕೆ ಒದ್ದೆ ಬಟ್ಟೆಯಡಿ ನಾಲ್ಕು ಕನಕಾಂಬರ ಇಟ್ಟುಕೊಂಡು, ಅವಕ್ಕಿಂತ ಹೆಚ್ಚು ಬಾಡಿ ಕೂತಿರುತ್ತಿದ್ದಳು. ಸೀಗಿ ಹುಣ್ಣಿಮೆ ಬಂತು. ಇನ್ನು ಹದಿನೈದು ದಿನಕ್ಕೆ ಅಮಾವಾಸ್ಯೆ.

ಇಂಥ ಕಾಲದಲ್ಲಿ, ಹುಣ್ಣಿಮೆಯ ಮರುದಿನ ಬೆಳಿಗ್ಗೆ, ಯವ್ವ ಪೂಜೆ ಮುಗಿಸಿ ಎಂದಿನಂತೆ ವಿಭೂತಿ ಕೊಡಲು ಬಂದವಳು ನನ್ನ ಹೆಂಡತಿಯ ಕೈಯಲ್ಲಿ ಪ್ರಸಾದವೆಂದು ಒಂದು ಹೂವಿಟ್ಟಳು. ಹಳದಿ ಸೇವಂತಿಗೆ. ಅದರ ಮೇಲೆ ಇನ್ನೂ ಇಬ್ಬನಿಯಂಥ ನೀರಿತ್ತು.

"ಯವ್ವಾ, ಇದೆಲ್ಲಿಂದ ಬಂತು?" ಹೆಂಡತಿಯ ಮೌನ ಅಷ್ಟರಲ್ಲಿ ಮುಗಿದಿತ್ತು. "ಪ್ಯಾಟ್ಯಾಗ ಒಂದೂ ಇಲ್ಲ."

"ಎಲ್ಲಿಂದ ಬರ್ತದ ತಂಗಿ? ಭಕ್ತಿ ಇದ್ರ ಶಿವಾ ಹೆಂಗೋ ಕಳಸ್ತಾನ." ಹೀಗೆ ಹೇಳಿ ನನ್ನ ಕಡೆ ಕರುಣೆಯಿಂದ ನೋಡಿದಳು.

ಮರುದಿನವೂ ಬಂತು. ಅದರ ಮರುದಿನವೂ. ಸಾಹುಕಾರರ ಲಾರಿ ರಾಯಚೂರಿಗೆ ಹೋಗಿಬರುತ್ತದಲ್ಲ, ಅದರಲ್ಲಿ ತರಿಸುತ್ತಾಳೆಂದು ನಾನು ತೀರ್ಮಾನಿಸಿದೆ. ಆದರೂ ಮನಸ್ಸಿಗೆ ನೋವಾಯಿತು. ಇಪ್ಪತ್ತೆರಡು ಗಿಡ ಸಾಕಿದವನಿಗೆ ಶಿವ ಒಂದು ಮೊಗ್ಗು ಕಳಿಸಲಿಲ್ಲ. ಹೆಂಡತಿ ಆ ಹೂಗಳನ್ನು ಒಂದೆರಡು ದಿನ ಮುಡಿದು, ಆಮೇಲೆ ದೇವರ ಗೂಡಿನಲ್ಲಿ ಇಡತೊಡಗಿದಳು.

ಅಮಾವಾಸ್ಯೆಗೆ ಐದು ದಿನ ಇರುವಾಗ ನಾನು ಕಚೇರಿಯ ಕಾಗದಪತ್ರ ಮುಟ್ಟಿಸಲು ರಾಯಚೂರಿಗೆ ಹೋದೆ. ಕೆಲಸ ಮುಗಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆಯುವಾಗ ಒಂದು ಬರಫ್ ಕಾರ್ಖಾನೆಯ ಬಾಗಿಲಿನಿಂದ ತಣ್ಣನೆಯ ಗಾಳಿ ಬೀಸಿ ನನ್ನ ಕಾಲನ್ನು ತಾಗಿತು. ಜಗತ್ತಿನ ದೊಡ್ಡ ದೊಡ್ಡ ಯೋಚನೆಗಳು ಹೀಗೇ ಹುಟ್ಟಿರಬೇಕು. ಥಂಡಿ ತಾನಾಗಿ ಬರದಿದ್ದರೆ ನಾವೇ ಒಯ್ಯಬೇಕು.

ಒಂದು ದೊಡ್ಡ ಮಂಜುಗಡ್ಡೆ ತೆಗೆದುಕೊಂಡೆ. ಅವರು ಅದನ್ನು ಕಟ್ಟಿಗೆ ಪುಡಿಯಲ್ಲಿ ಹೊರಳಿಸಿ, ಗೋಣಿಚೀಲದಲ್ಲಿ ತುಂಬಿ, ಬಾಯಿ ಹೊಲಿದುಕೊಟ್ಟರು. ಹಮಾಲನ ತಲೆಯ ಮೇಲೆ ಅದು ಬಸ್ಸು ಸೇರಿತು. ಮಾನ್ವಿಗೆ ಎರಡು ತಾಸಿನ ಹಾದಿ. ಬಸ್ಸು ಊರು ದಾಟುವುದರೊಳಗೆ ನನ್ನ ಕಾಲಡಿಯಿಂದ ಹೊರಟ ನೀರು ಮುಂದಿನ ಸೀಟುಗಳ ಕೆಳಗೆ ಹರಿದು ಡ್ರೈವರನ ಕಡೆ ಸಾಗಿತು.

"ಅದೇನ್ರಿ ಸೋರಾಕತ್ತದ?" ಕಂಡಕ್ಟರ್ ಬಂದ.

"ಬರಫ್."

ಕಂಡಕ್ಟರನ ದನಿ ತಗ್ಗಿತು. "ಮನ್ಯಾಗ ಯಾರರ..."

ಅಷ್ಟು ದೊಡ್ಡ ಬರಫಿನ ಗಡ್ಡೆಯನ್ನು ಒಬ್ಬ ಮನುಷ್ಯ ಮುಖ ಸಪ್ಪಗೆ ಮಾಡಿಕೊಂಡು ಒಯ್ಯುತ್ತಿದ್ದರೆ ಅದಕ್ಕೆ ನಮ್ಮ ಕಡೆ ಒಂದೇ ಅರ್ಥ: ದೂರದ ನೆಂಟರು ಬರುವವರೆಗೆ ಹೆಣ ಕೆಡದಂತೆ ಇಡಬೇಕಾಗಿದೆ. ಸೇವಂತಿಗೆಗೆ ಒಯ್ಯುತ್ತಿದ್ದೇನೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಸುಮ್ಮನೆ ತಲೆ ತಗ್ಗಿಸಿದೆ. ಪಕ್ಕದ ಮುದುಕ ನನ್ನ ಬೆನ್ನು ಸವರಿ, "ಎಲ್ಲಾರೂ ಹೋಗಾವ್ರ ಅದೀವಿ ಯಪ್ಪಾ," ಎಂದ. ಒಬ್ಬಾಕೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟಳು. ನಾನು ದುಃಖದಿಂದಲೇ ಹೋಗಿ ಕೂತೆ. ಅಲ್ಲಿ ಗಾಳಿ ಚೆನ್ನಾಗಿತ್ತು.

ಮಾನ್ವಿಗೆ ಬರುವ ಹೊತ್ತಿಗೆ ಗಡ್ಡೆ ಅರ್ಧವಾಗಿತ್ತು. ಜವಾನನನ್ನು ಕರೆಸಿಕೊಂಡೆ. ಒರಳಿನ ಗುಂಡಿನಿಂದ ಬರಫ್ ಒಡೆದು, ಒಂದೊಂದು ಗಿಡದ ಬುಡಕ್ಕೆ ಒಂದೊಂದು ಬೊಗಸೆ ಇಡುತ್ತ ಹೋದೆ. ಜವಾನ ಬಕೆಟ್ಟು ಹಿಡಿದು ಹಿಂದೆ ಬಂದ. ಅವನ ಮುಖದಲ್ಲಿ ಯಾವ ಭಾವವೂ ಇರಲಿಲ್ಲ. ಅದನ್ನು ಇರದಂತೆ ಮಾಡಲು ಅವನು ಬಹಳ ಕಷ್ಟಪಡುತ್ತಿದ್ದ. ಹತ್ತನೆಯ ಗಿಡಕ್ಕೆ ಬಂದಾಗ ಸಾಹುಕಾರರು ತಲೆಗೆ ಟವೆಲ್ ಸುತ್ತಿಕೊಂಡು, ಅಂಗೈಯ ಎಂಜಲು ಒರೆಸಿಕೊಳ್ಳುತ್ತ ಓಡಿಬಂದರು. ಬಸ್ಸಿನ ಸುದ್ದಿ ಗಿರಣಿಗೆ ಮುಟ್ಟಿತ್ತು.

"ಯಾರು ಹೋದ್ರು ರೀ? ಯಾವಾಗ?"

"ಯಾರೂ ಇಲ್ರಿ."

"ಮತ್ತ ಬರಫು?"

"ಗಿಡಕ್ಕ."

ಸಾಹುಕಾರರು ನನ್ನನ್ನು, ಗಿಡಗಳನ್ನು, ಬುಡದಲ್ಲಿ ಹೊಳೆಯುತ್ತಿದ್ದ ಬರಫನ್ನು ನೋಡಿದರು. ತಲೆಯ ಟವೆಲ್ ನಿಧಾನವಾಗಿ ಬಿಚ್ಚಿ, ಝಾಡಿಸಿ, ಹೆಗಲ ಮೇಲೆ ಹಾಕಿಕೊಂಡರು. "ಸಾಹೇಬ್ರ, ನಾ ಊಟಾ ಬಿಟ್ಟು ಬಂದೀನಿ," ಎಂದಷ್ಟೇ ಹೇಳಿ ಹೋದರು. ಅವರ ಜಾಗದಲ್ಲಿ ನಾನಿದ್ದರೆ ಇನ್ನೂ ನಾಲ್ಕು ಮಾತು ಆಡುತ್ತಿದ್ದೆ.

ಉಳಿದದ್ದು ಒದ್ದೆ ಕಟ್ಟಿಗೆ ಪುಡಿ. ಅದನ್ನು ಚೆಲ್ಲಲು ಜವಾನ ಬಚ್ಚಲ ಹಿಂದೆ ಹೋದ. ಹೋದವನು ಅಲ್ಲಿಂದಲೇ ಕೂಗಿದ.

"ಸಾಹೇಬ್ರ, ಒಂಚೂರ ಹಿಂದ ಬರ್ರಿ."

"ಯಾಕೋ, ಹಾವೇನು?"

"ಹಾವಾದ್ರ ನಾನ ನೋಡ್ಕೋತಿದ್ದೆ. ಇದು ತಮಗ ಸಂಬಂಧಪಟ್ಟದ್ದು."

ಮೋರಿಯ ಅಂಚಿನಲ್ಲಿ, ನಾನು ಹಿಂದಿನ ವರ್ಷ ಕತ್ತು ಮುರಿದದ್ದೆಂದು ಎಸೆದ ಆ ಏಳನೆಯ ಮರಿ ಒಂದು ಪೊದೆಯಾಗಿ ನಿಂತಿತ್ತು. ಮೊಣಕಾಲೆತ್ತರದ ಪೊದೆ, ಎಲೆಗಿಂತ ಹೂವೇ ಹೆಚ್ಚು. ಅರಳಿದ್ದು, ಅರೆಯರಳಿದ್ದು, ಮೊಗ್ಗು. ಒಂದು ವರ್ಷದಿಂದ ನಾನು ನೋಡದೇ ಇದ್ದದ್ದರಿಂದಲೇ ಅದು ಇಷ್ಟು ಚೆನ್ನಾಗಿತ್ತೆಂದು ಹೇಳಬೇಕು. ನಮ್ಮಿಬ್ಬರ ಸ್ನಾನದ ನೀರು ಬಿಟ್ಟು ಬೇರೆ ಯಾವ ಉಪಚಾರವೂ ಅದಕ್ಕೆ ಸಿಕ್ಕಿರಲಿಲ್ಲ.

"ಸೆಖಿ ಇಲ್ಲಿಗೂ ಅಷ್ಟ ಅದಲ್ಲೋ!" ಎಂದೆ.

"ಸೆಖಿ ಅಷ್ಟ ಅದರಿ, ಮೋರಿ ನೀರು ಬುಡಾ ತಂಪ ಇಟ್ಟದ. ಮ್ಯಾಲ ನಿಮ್ಮ ದೀಪಾ ಇಲ್ಲಿ ಬೀಳಂಗಿಲ್ಲ." ಜವಾನ ಬಚ್ಚಲ ಗೋಡೆಯನ್ನು ತೋರಿಸಿದ. "ಇದಕ್ಕ ರಾತ್ರಿ ಕತ್ತಲ ಸಿಕ್ಕದ. ಮಲಗ್ಯದ, ಎದ್ದದ, ಹೂವ ಬಿಟ್ಟದ. ಅಲ್ಲಿವು ಎರಡು ತಿಂಗಳಾತು, ಮಲಗೇ ಇಲ್ಲ. ನಿದ್ದಿಗೆಟ್ಟಾವು ಏನ ಹೂವ ಬಿಡ್ತಾವ್ರಿ?"

ಸೇವಂತಿಗೆ ಹೂವಾಗಬೇಕಾದರೆ ಉದ್ದನೆಯ ಕತ್ತಲ ರಾತ್ರಿಗಳು ಬೇಕು, ನಡುವೆ ದೀಪ ಹಚ್ಚಿದರೆ ಅದು ಎಲೆ ಬಿಡುತ್ತಲೇ ಇರುತ್ತದೆ ಎಂದು ಎಷ್ಟೋ ವರ್ಷದ ಮೇಲೆ ಕೃಷಿ ಓದಿದವರೊಬ್ಬರು ನನಗೆ ವಿವರಿಸಿದರು. ಅವರು ಅದಕ್ಕೆ ಅರ್ಧ ತಾಸು ತೆಗೆದುಕೊಂಡರು. ಜವಾನ ಇಷ್ಟರಲ್ಲೇ ಮುಗಿಸಿದ್ದ, ಅದೂ ಗಣೇಶ ಹಬ್ಬದ ಹೊತ್ತಿಗೇ.

ಬಗ್ಗಿ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಪೊದೆಯ ಗಿಡ್ಡ ಬಾಗಿಲ ಕಡೆಯ ಮಗ್ಗುಲಲ್ಲಿ ಹದಿನೈದಿಪ್ಪತ್ತು ತೊಟ್ಟುಗಳು ಉಗುರಿನಿಂದ ಚಿವುಟಿದಂತೆ ಬೋಳಾಗಿದ್ದವು. ಒಂದೆರಡು ಆ ದಿನದವೇ. ಅಷ್ಟರಲ್ಲಿ ಹಿಂದೆ ಬಂದು ನಿಂತಿದ್ದ ನನ್ನ ಹೆಂಡತಿ ಒಂದು ಹೂ ಮಗುಚಿ ನೋಡಿದಳು. ಒಳಗೆ ಹೋಗಿ ದೇವರ ಗೂಡಿನಿಂದ ಪ್ರಸಾದದ ಹೂ ತಂದು ಅದನ್ನೂ ಮಗುಚಿದಳು. ಎರಡರ ಬೆನ್ನೂ ಕಾವಿಗೆಂಪು.

ಅವಳು ಗೋಡೆಗೆ ಒರಗಿ ನಕ್ಕಳು. ಎಷ್ಟು ನಕ್ಕಳೆಂದರೆ ಹುಳು ಹೊಕ್ಕ ಕಿವಿಯ ಸಿಟ್ಟೂ ಅದರಲ್ಲಿ ಹೋಯಿತು. "ನಮ್ಮ ಬಚ್ಚಲ ಹೂವ, ನಮಗ ಪ್ರಸಾದ! ಶಿವಾ ಕಳಸ್ಯಾನಂತ, ಶಿವಾ!" ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಭೀರಳಾದಳು. "ನೀವೇನರ ಅಂದೀರಿ ಮತ್ತ! ದೊಡ್ಡಾಕಿ. ಆಕಿ ಬಾಯಾಗ ಅದ ನಮ್ಮ ಅಂಗಳ."

ಅದು ಸರಿಯಾಗಿತ್ತು. ಯವ್ವ ನ್ಯಾಯಾಧೀಶೆ, ಕಳ್ಳಿಯೂ ಅವಳೇ. ಆದರೆ ಉಳಿದ ಹೂಗಳು ಅಮಾವಾಸ್ಯೆಯವರೆಗೆ ಉಳಿಯಲೇಬೇಕು. ಆ ಸಂಜೆ ಬಲ್ಬು ಇಳಿಸಿದೆ. ಜವಾನ ಜಾಲಿಯ ಮುಳ್ಳು ಕಡಿದು ತಂದು, ಕುರಿ ಹಟ್ಟಿಗೆ ಕಟ್ಟುವ ಹಾಗೆ ಪೊದೆಯ ಸುತ್ತ ಬಿಗಿಯಾಗಿ ಬೇಲಿ ಕಟ್ಟಿದ. ಯಾರಾದರೂ ಕೇಳಿದರೆ ಹಂದಿಯ ಕಾಟ ಎಂದು ಹೇಳತಕ್ಕದ್ದೆಂದು ನಿರ್ಣಯವಾಯಿತು.

ಮರುದಿನ ಬೆಳಿಗ್ಗೆ ಯವ್ವ ವಿಭೂತಿ ಮಾತ್ರ ತಂದಳು. ಬಲಗೈಯ ಎರಡು ಬೆರಳಿಗೆ ಅರಿಸಿನ ಹಚ್ಚಿದ್ದಳು.

"ಯವ್ವಾ, ಕೈಗೇನಾತ್ರಿ?" ನನ್ನ ಹೆಂಡತಿ ಕೇಳಿದಳು.

"ಬೆಕ್ಕು ಪರಚಿತ್ತು."

"ನಿಮ್ಮನ್ಯಾಗ ಬೆಕ್ಕ ಇಲ್ಲಲ್ರಿ?"

"ಬಂದಿತ್ತು. ಹೋತು." ಎತ್ತಲೋ ನೋಡುತ್ತ, "ಈ ಕಡಿ ಹಂದಿ ಭಾಳ ಆಗ್ಯಾವೇನಪಾ ತಮ್ಮಾ?" ಎಂದಳು.

"ಭಾಳ ಯವ್ವಾ."

"ಹೂಂ," ಎಂದು ಹೊರಟುಹೋದಳು. ನಾಲ್ಕು ದಿನ ಆಕೆ ಬರೀ ಬಿಲ್ವಪತ್ರಿಯಲ್ಲಿ ಪೂಜೆ ಮಾಡಿದಳು. ಪೂಜೆ ಒಂದು ತಾಸಿನಲ್ಲೇ ಮುಗಿಯುತ್ತಿತ್ತೆಂದೂ, ಗಿರಣಿ ಬೇಗ ಶುರುವಾಗುತ್ತಿತ್ತೆಂದೂ ಜವಾನ ವರದಿ ತಂದ.

ಅಮಾವಾಸ್ಯೆಯ ಸಂಜೆ ಹೂಗಳನ್ನೆಲ್ಲ ಬಿಡಿಸಿದೆವು. ಐವತ್ತಕ್ಕೆ ಎರಡು ಕಡಿಮೆ. ಹೆಂಡತಿ ನಡುನಡುವೆ ಮರುಗ ಸೇರಿಸಿ, ಲಕ್ಷ್ಮಿಯ ಫೋಟೋ ಅಳತೆಗೆ ಹಾರ ಕಟ್ಟಿದಳು. ಬಾಳೆಯೆಲೆಯ ಮೇಲೆ ಅದನ್ನಿಟ್ಟುಕೊಂಡು ನಾವಿಬ್ಬರೂ ಗಿರಣಿಗೆ ಹೋದೆವು. ಅಲ್ಲಿ ಯಂತ್ರಗಳಿಗೆ ಕುಂಕುಮ ಹಚ್ಚಿದ್ದರು. ಪೇಟೆಯಲ್ಲಿ ಸೇವಂತಿಗೆ ಸಿಗದೆ ಲಕ್ಷ್ಮಿಯ ಕೊರಳಲ್ಲಿ ಕಾಗದದ ಹಾರವಿತ್ತು. ಯವ್ವ ಕಂಬಳಿಯ ಮೇಲೆ ಕೂತಿದ್ದಳು.

ಸಾಹುಕಾರರು ಹಾರ ನೋಡಿ ಬೆಚ್ಚಿದರು. ಆ ದಿನ ಬೆಳಿಗ್ಗೆ ಕೂಡ ಅವರು ನಮ್ಮ ಅಂಗಳ ನೋಡಿ ಹೋಗಿದ್ದರು. ಒಂದು ಮೊಗ್ಗೂ ಇರಲಿಲ್ಲ.

"ಇದು ಎಲ್ಲೀದ್ರಿ?"

ಸುಳ್ಳು ಹೇಳಬಹುದಿತ್ತು. ಆದರೆ ಲಕ್ಷ್ಮಿ ಎದುರಿಗಿದ್ದಳು, ಹೆಂಡತಿ ಪಕ್ಕದಲ್ಲಿದ್ದಳು. "ನಮ್ಮ ಗಿಡದ್ದ ರೀ. ಬಚ್ಚಲ ಹಿಂದ ಒಂದದ," ಎಂದೆ.

"ಬಚ್ಚಲ ಹಿಂದ!" ಸಾಹುಕಾರರ ಮುಖ ಅರಳಿತು. ಅಂಗಳ ತುಂಬ ಚೀಲಗಳು ಅವರ ಕಣ್ಣೆದುರು ಸಾಲಾಗಿ ಬಂದು ನಿಂತಿರಬೇಕು. "ಮೋರಿ ನೀರಾಗ ಬೆಳದ ಹೂವು, ಗಂಡ ಹೆಂಡ್ತಿ ಮೈ ತೊಳದ ನೀರಾಗ ಬೆಳದ ಹೂವು, ಲಕ್ಷ್ಮಿಗೆ ಹಾಕ್ತಾರೇನ್ರಿ? ಶಿವಶಿವಾ! ಇದು ನಡ್ಯಂಗಿಲ್ಲ." ಆಮೇಲೆ ತಾಯಿಯ ಕಡೆ ತಿರುಗಿ ತಮ್ಮ ಗೆಲುವಿಗೆ ಮೊಹರು ಒತ್ತಿಸಿಕೊಳ್ಳಲು ಕೇಳಿದರು. "ಯವ್ವಾ, ನೀನ ಹೇಳಬೇ. ಇಂಥಾ ಮೋರಿ ಹೂವು ನೀ ನಿನ್ನ ಲಿಂಗದ ಮ್ಯಾಲ ಏರಸ್ತೀ ಏನು?"

ಯವ್ವ ಹಾರವನ್ನು ನೋಡಿದಳು. ನನ್ನ ಹೆಂಡತಿ ಹಾರದ ತುದಿಯ ಒಂದು ಹೂವನ್ನು ಸುಮ್ಮನೆ, ಬೇರೇನೋ ಯೋಚಿಸುತ್ತಿರುವವಳಂತೆ, ಬೆರಳಿನಿಂದ ಮಗುಚಿ ಅದರ ಕೆಂಪು ಬೆನ್ನನ್ನು ಮೇಲೆ ಮಾಡಿದಳು.

ಯವ್ವ ಅರಿಸಿನ ಹಚ್ಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಲೇ," ಎಂದಳು ಮಗನಿಗೆ. "ನಿನ್ನ ಭತ್ತಾ ಯಾವ ನೀರಾಗ ಬೆಳದದ್ದೋ?"

"ಕಾಲುವಿ ನೀರಾಗ."

"ಕಾಲುವ್ಯಾಗ ಎಮ್ಮಿ ಮೈ ತೊಳೀತಾರ. ಅರಿವಿ ಒಗೀತಾರ. ಊರ ಹುಡುಗ್ರೆಲ್ಲಾ ಈಜ್ತಾವ. ಈಜ್ಕೋತ ಏನೇನ್ ಮಾಡ್ತಾವೋ ಆ ಶಿವಗ ಗೊತ್ತು. ಅದ ನೀರಿನ ಅಕ್ಕಿ ಬೇಯ್ಸಿ ಈಗ ಲಕ್ಷ್ಮಿಗೆ ಎಡಿ ಹಿಡದೀ. ಆವಾಗ ಎಲ್ಲಿ ಹೋಗಿತ್ತಲೇ ನಿನ್ನ ಮೈಲಿಗಿ? ಹೂವಿಗೆ ಎಂಥಾ ಮೈಲಿಗಿ? ಹಾಕಸು ಹಾರಾ!"

"ಅಲ್ಲ ಬೇ, ನಾ ಕೇಳಿದ್ದು ನಿನ್ನ ಲಿಂಗದ..."

"ಹಾಕಸು ಅಂದೆ!"

ಕಾಗದದ ಹಾರ ತೆಗೆದು ನಮ್ಮ ಹಾರ ಹಾಕಿದರು. ಅಳತೆ ಸರಿಯಾಗಿತ್ತು. ಮಂಗಳಾರತಿಯ ಹೊತ್ತಿನಲ್ಲಿ ಯವ್ವ ನನ್ನ ಪಕ್ಕಕ್ಕೆ ಬಂದು, ಕಣ್ಣು ಮುಚ್ಚಿ ಕೈ ಮುಗಿದುಕೊಂಡೇ, ತುಟಿ ಅಲುಗಿಸದೆ ಹೇಳಿದಳು.

"ತಮ್ಮಾ, ನಾಳಿಗೆ ಆ ಮುಳ್ಳು ತಗಸು."

"ಹಂದಿ ಬಂದ್ರ ಯವ್ವಾ?"

"ಮುದಿ ಹಂದಿ. ಇನ್ನ ಮ್ಯಾಲ ಹಗಲಾಗ, ಮುಂದಿನ ಬಾಗಿಲಿಂದನ, ಕೇಳಿ ಬರ್ತದ."

ಆ ವರ್ಷ ಭತ್ತದ ಚೀಲಗಳನ್ನು ಗಿರಣಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹಾಕಿಸಿದರು. ಅಂಗಳದ ಇಪ್ಪತ್ತೆರಡು ಗಿಡಗಳು ಸಂಕ್ರಾಂತಿಯ ಹೊತ್ತಿಗೆ ಹೂಬಿಟ್ಟವು.